ಯಾವ ಜಾತಿ ಅಂತ ಇಲ್ಲಿ ಯಾರೂ ಕೇಳಲಿಲ್ಲ

ನಾವು ಇಂಡಿಯಾದಿಂದ ಮಗು ದತ್ತು ತಗೊಳ್ತಿದ್ದೀವಿ ಅಂತ ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ಗೊತ್ತಾದ ರಾತ್ರಿಯೇ ಫೋನ್ ಬಂತು. ಮೊದಲು ಖರ್ಚೆಷ್ಟು ಅಂತ ಕೇಳಿದರು. ಎಲ್ಲಾ ಸೇರಿ ನಲವತ್ತು ಸಾವಿರ ಡಾಲರ್ ಹತ್ತಿರ ಹೋಗಬಹುದು ಎಂದೆ. ರೂಪಾಯಿಗೆ ಲೆಕ್ಕ ಹಾಕುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ದುಡ್ಡು ಸುರಿದು ಯಾರ ಹೊಟ್ಟೇಲಿ ಹುಟ್ಟಿದ್ದೋ, ಯಾವ ಜಾತಿಯೋ, ಯಾಕೋ ಮಾರಾಯ? ನಿನ್ನ ತಮ್ಮನ ಎರಡನೇ ಹುಡುಗ ಇಲ್ವಾ? ಒಂದು ಹೋಮ ಮಾಡಿಸಿ ರಿಜಿಸ್ಟರ್ ಮಾಡಿದ್ರೆ ಮುಗೀತು" ಎಂದರು.

ಚಿಕ್ಕಮ್ಮ ಕೆಟ್ಟವರಲ್ಲ. ನಾನು ಹಾಸ್ಟೆಲಿನಲ್ಲಿದ್ದಷ್ಟು ವರ್ಷ ಮಿಡಿ ಉಪ್ಪಿನಕಾಯಿ ತಪ್ಪಿಸದೆ ಕಳಿಸಿದವರು. ಅದಕ್ಕೇ ಆ ಮಾತು ಜಾಸ್ತಿ ಚುಚ್ಚಿತು.

ನಾವಿರೋದು ನಾರ್ತ್ ಕೆರೊಲೈನಾದಲ್ಲಿ. ಅದೇ ವಾರ ಹೋಮ್ ಸ್ಟಡಿಗೆ, ಅಂದರೆ ಮಗು ಸಾಕಲು ನಾವು ಸರಿಯಾದವರಾ ಅಂತ ನೋಡುವ ತಪಾಸಣೆಗೆ, ಒಬ್ಬರು ಸೋಶಿಯಲ್ ವರ್ಕರ್ ಮನೆಗೆ ಬಂದಿದ್ದರು. ಕೇಳಿದ್ದು ಒಂದಾ ಎರಡಾ! ನಿಮ್ಮ ಅಪ್ಪ ನಿಮಗೆ ಹೊಡೀತಿದ್ದರಾ? ಗಂಡ ಹೆಂಡತಿ ಜಗಳ ಆಡಿದರೆ ಮೊದಲು ಯಾರು ಮಾತಾಡಿಸ್ತೀರಿ? ಮಗು ರಾತ್ರಿ ದಿಂಬಿನ ಕೆಳಗೆ ಚಪಾತಿ ಬಚ್ಚಿಟ್ಟುಕೊಂಡರೆ ಏನು ಮಾಡ್ತೀರಿ? ನೀನು ನಮ್ಮಮ್ಮ ಅಲ್ಲ ಅಂತ ಕಿರುಚಿದರೆ? ನೀವಿಬ್ಬರೂ ಸತ್ತರೆ ಅದನ್ನು ಯಾರು ಸಾಕ್ತಾರೆ, ಅವರ ಹೆಸರು ಕೊಡಿ. ಟ್ಯಾಕ್ಸ್ ಕಾಗದ, ಡಾಕ್ಟರ್ ಸರ್ಟಿಫಿಕೇಟು, ಎಫ್‌ಬಿಐಗೆ ಬೆರಳಚ್ಚು, ನಮ್ಮನ್ನು ಬಲ್ಲವರ ಪತ್ರಗಳು, ಮೇಲೆ ಹತ್ತು ಗಂಟೆ ಟ್ರೈನಿಂಗ್. ಬೇರೆ ಬೇರೆ ರಾಜ್ಯದಲ್ಲಿ ಕೆಲಸ ಮಾಡಿದ್ದರಿಂದ ಅಲ್ಲೆಲ್ಲೂ ಮಕ್ಕಳಿಗೆ ಹಿಂಸೆ ಕೊಟ್ಟ ಕೇಸು ನಮ್ಮ ಮೇಲಿಲ್ಲ ಅಂತ ದಾಖಲೆ ತರಿಸಬೇಕು. ಆಗ ನಮ್ಮ ಮಾವ ಇಲ್ಲೇ ಬಂದು ಇದ್ದರು. ಮನೆಯಲ್ಲಿರುವ ದೊಡ್ಡವರದ್ದೆಲ್ಲ ತಪಾಸಣೆ ಆಗಬೇಕು ಅಂದಾಗ, ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, "ನನ್ನ ಮೇಲೇ ಅನುಮಾನವಾ?" ಅಂತ ಒಂದು ದಿನ ಊಟ ಬಿಟ್ಟರು.

ನನಗೂ ಸಿಟ್ಟು ಬಂದಿತ್ತು. ಆದರೆ ಆ ಸೋಶಿಯಲ್ ವರ್ಕರ್ ಹೋದ ಮೇಲೆ ಯೋಚಿಸಿದರೆ, ಅಷ್ಟೂ ಪ್ರಶ್ನೆ ಹೋಗಿ ಮುಟ್ಟುತ್ತಿದ್ದದ್ದು ಇನ್ನೂ ಯಾರೆಂದೇ ಗೊತ್ತಿಲ್ಲದ ಒಂದು ಮಗುವಿಗೆ. ಅದಕ್ಕೆ ಹೊಡೆತ ಬೀಳಬಾರದು, ಹಸಿವಾಗಬಾರದು, ಮತ್ತೆ ಅನಾಥ ಆಗಬಾರದು. ಚಿಕ್ಕಮ್ಮನ ಪ್ರಶ್ನೆಗಳಲ್ಲಿ ಮಗುವೇ ಇರಲಿಲ್ಲ. ಇದ್ದದ್ದು ನಾವು, ನಮ್ಮ ದುಡ್ಡು, ನಮ್ಮ ಮನೆತನ, ಮುಂದೆ ಪಿಂಡ ಇಡೋದು ಯಾರು ಅನ್ನೋದು. ಜಾತಿ ಕೇಳಿದ್ದು ಚಿಕ್ಕಮ್ಮ ಒಬ್ಬರೇ ಅಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವ ನನ್ನ ಕ್ಲಾಸ್‌ಮೇಟ್ ಕೂಡ ಕೇಳಿದ, ಸ್ವಲ್ಪ ಸುತ್ತಿ ಬಳಸಿ, "ಬ್ಯಾಕ್‌ಗ್ರೌಂಡ್ ಏನಾದ್ರೂ ಹೇಳ್ತಾರಾ?" ಅಂತ.

ಚಿಕ್ಕಮ್ಮ ಹೇಳಿದ ಹೋಮದ ದಾರಿ ಅಮೆರಿಕದವರೆಗೆ ಬರೋದೂ ಇಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ಊರಲ್ಲಿ ಕೊಟ್ಟು ತಗೊಳ್ಳಬಹುದು, ಸರಿ. ಆದರೆ ಒಂದು ದೇಶದಿಂದ ಇನ್ನೊಂದಕ್ಕೆ ದತ್ತು ಕೊಡುವುದಕ್ಕೆ ಅಂತಲೇ ಇರುವ ಹೇಗ್ ಒಪ್ಪಂದಕ್ಕೆ ಎರಡೂ ದೇಶ ಸೇರಿವೆ. ಇಂಡಿಯಾ 2003ರಲ್ಲಿ, ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 2008ರಲ್ಲಿ. ಆ ನಿಯಮದಲ್ಲಿ ಅಪ್ಪ ಅಮ್ಮ ಇಬ್ಬರೂ ಬದುಕಿದ್ದರೆ, ಮಗುವನ್ನು ಸರಿಯಾಗಿ ಸಾಕುವ ಶಕ್ತಿ ಅವರಿಗಿಲ್ಲ ಅಂತ ತೋರಿಸಬೇಕು. ಐದು ಎಕರೆ ಅಡಿಕೆ ತೋಟ ಇಟ್ಟುಕೊಂಡ ತಮ್ಮನನ್ನು ಮಗ ಸಾಕಲಾಗದವನು ಅಂತ ಯಾವ ಆಫೀಸರಿಗೆ ನಂಬಿಸೋದು?

ದತ್ತು ಅನ್ನೋದು ನಮಗೇನು ಹೊಸದಲ್ಲ. ಕಿತ್ತೂರು ಚೆನ್ನಮ್ಮ 1824ರಲ್ಲಿ ಕಂಪನಿಯವರ ಮೇಲೆ ತಿರುಗಿಬಿದ್ದದ್ದೇ ದತ್ತು ಮಗನನ್ನು ಅವರು ಒಪ್ಪದೆ ಹೋದದ್ದಕ್ಕೆ. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ತಗೊಂಡ ದತ್ತು ಮಗನನ್ನೂ ಬ್ರಿಟಿಷರು ಒಪ್ಪಲು ಎರಡು ವರ್ಷ ಹಿಡಿಯಿತು. ಸರ್ಕಲ್ಲಿನಲ್ಲಿ ಚೆನ್ನಮ್ಮನ ಪ್ರತಿಮೆಗೆ ಹಾರ ಹಾಕಿ ಮನೆಗೆ ಬಂದು ಯಾವ ಜಾತಿಯ ಮಗು ಅಂತ ಕೇಳ್ತೀವಲ್ಲ! ಆ ಕಾಲದಲ್ಲೂ ದತ್ತು ತಗೊಂಡದ್ದು ಗಾದಿಗಾಗಿಯೇ, ಮಗುವಿಗಾಗಿ ಅಲ್ಲ. ಆ ಅಭ್ಯಾಸ ನಮಗಿನ್ನೂ ಬಿಟ್ಟಿಲ್ಲ.

"ಕಾಗದ ಪತ್ರ ಇಲ್ದೆ ನಾವೆಷ್ಟು ಮಕ್ಕಳನ್ನ ಸಾಕಿಲ್ಲ" ಅಂತ ಹೇಳುವವರೂ ಇದ್ದಾರೆ. ನಿಜ, ನಮ್ಮ ಅಜ್ಜಿ ಮನೆಯಲ್ಲೇ ದೂರದ ಸಂಬಂಧದ ಹುಡುಗನೊಬ್ಬ ಬೆಳೆದ. ಎಲ್ಲರ ಜೊತೆ ಉಂಡ, ಎಲ್ಲರ ಜೊತೆ ಏಟು ತಿಂದ, ಕೊಟ್ಟಿಗೆ ಕೆಲಸ ಮಾತ್ರ ಎಲ್ಲರಿಗಿಂತ ಜಾಸ್ತಿ ಮಾಡಿದ. ಮನೆ ಮಗ ಇದ್ದ ಹಾಗೆ ಅಂತಲೇ ಎಲ್ಲರೂ ಹೇಳುತ್ತಿದ್ದರು. ತೋಟ ಪಾಲಾದ ದಿನ ಅವನ ಹೆಸರು ಯಾವ ಪತ್ರದಲ್ಲೂ ಇರಲಿಲ್ಲ. ಈಗ ಶಿವಮೊಗ್ಗದಲ್ಲಿ ಆಟೋ ಓಡಿಸ್ತಾನೆ. ಮದುವೆ ಮುಂಜಿಗೆ ಕರೀತಾರೆ, ಬರ್ತಾನೆ, ಬಡಿಸೋಕೆ ನಿಲ್ತಾನೆ. ಇದನ್ನು ನೋಡಿ ಬೆಳೆದವನಿಗೆ ಫಾರಂ ತುಂಬೋದು ಅಷ್ಟು ದೊಡ್ಡ ಕಷ್ಟ ಅನ್ನಿಸಲ್ಲ.

ಕಷ್ಟ ಇರೋದು ಕಾಯೋದರಲ್ಲಿ. ಮೊದಲು ನಾವು ದತ್ತು ತಗೊಳ್ಳಲು ಅರ್ಹರು ಅಂತ ಇಮಿಗ್ರೇಷನ್ ಇಲಾಖೆ ಒಪ್ಪಬೇಕು, ಅದಕ್ಕೆ ಐ-800ಎ ಅನ್ನೋ ಅರ್ಜಿ, ಫೀಸು 920 ಡಾಲರ್. ಒಪ್ಪಿಗೆ ಸಿಕ್ಕರೂ ಅದು ಹದಿನೈದು ತಿಂಗಳು ಮಾತ್ರ, ಆಮೇಲೆ ಮುಂದುವರಿಸಲು ಮತ್ತೆ ಕಾಗದ, ಮತ್ತೆ ಬೆರಳಚ್ಚು. ಆಮೇಲೆ ನಮ್ಮ ಏಜೆನ್ಸಿ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ, ದೆಹಲಿಯ ಕಾರಾದ ಪೋರ್ಟಲ್ಲಿಗೆ ನಮ್ಮ ಫೈಲು ಹಾಕುತ್ತದೆ. ಮಗು ಗೊತ್ತಾದ ಮೇಲೆ ಅದರ ಹೆಸರಲ್ಲಿ ಇನ್ನೊಂದು ಅರ್ಜಿ, ಕಾರಾದ ಎನ್‌ಒಸಿ, ಆ ಜಿಲ್ಲೆಯ ಡಿಸಿ ಆದೇಶ, ಪಾಸ್‌ಪೋರ್ಟು, ಕೊನೆಗೆ ದೆಹಲಿಯಲ್ಲಿ ವೀಸಾ. ಡಿಸಿ ಆದೇಶ ಅನ್ನೋದು 2022ರ ಸೆಪ್ಟೆಂಬರಿನಿಂದ ಬಂದದ್ದು, ಮುಂಚೆ ಕೋರ್ಟಿಗೆ ಹೋಗಬೇಕಿತ್ತು. ಮನೆಗೆ ಕರಕೊಂಡು ಬಂದ ಮೇಲೂ ಮಗು ಹೇಗಿದೆ ಅಂತ ಎರಡು ವರ್ಷ ವರದಿ ಕಳಿಸ್ತಾ ಇರಬೇಕು.

ಇದರಲ್ಲಿ ಒಂದು ತಮಾಷೆ ಇದೆ. ಇಂಡಿಯಾದ ಕಾನೂನಿನಲ್ಲಿ ಎನ್‌ಆರ್‌ಐಗಳಿಗೆ, ಅಂದರೆ ಹೊರಗಿದ್ದರೂ ಇಂಡಿಯಾ ಪೌರತ್ವ ಉಳಿಸಿಕೊಂಡವರಿಗೆ, ದೇಶದಲ್ಲಿರುವವರ ಸಾಲಿನಲ್ಲೇ ಜಾಗ. ನಾವು ಇಲ್ಲಿನ ಪೌರತ್ವ ತಗೊಂಡು ಇಂಡಿಯಾದ ಒಸಿಐ ಕಾರ್ಡು ಮಾತ್ರ ಇಟ್ಟುಕೊಂಡವರು, ಆದ್ದರಿಂದ ಹಿಂದೆ. ಪಾಸ್‌ಪೋರ್ಟ್ ಬದಲಿಸದೆ ಇದ್ದಿದ್ದರೆ ಅಲ್ಲಿ ಮುಂದೆ ಇರುತ್ತಿದ್ದೆವು, ಆದರೆ ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಸಿಟಿಜನ್ ಆಗಿರದಿದ್ದರೆ ಅಮೆರಿಕ ಅರ್ಜಿಯನ್ನೇ ಮುಟ್ಟಲ್ಲ. ಯಾವ ಬಾಗಿಲಿಗೆ ಹೋದರೂ ಇನ್ನೊಂದು ಬಾಗಿಲು ತೋರಿಸ್ತಾರೆ.

ದುಡ್ಡಿನ ಮಾತಲ್ಲಿ ಚಿಕ್ಕಮ್ಮ ಹೇಳಿದ್ದರಲ್ಲಿ ಸ್ವಲ್ಪ ಅರ್ಥ ಇದೆ ಅಂತ ಒಪ್ಪಲೇಬೇಕು. ಇಂಡಿಯಾ ಕಡೆ ಕೊಡಬೇಕಾದದ್ದು ಐದು ಸಾವಿರ ಡಾಲರ್. ಮಿಕ್ಕ ಬಹುಪಾಲು ಇಲ್ಲೇ ಸೋರಿ ಹೋಗುತ್ತದೆ: ಏಜೆನ್ಸಿ, ಹೋಮ್ ಸ್ಟಡಿ, ನೋಟರಿ, ಕಾಗದಗಳು ಹೊರದೇಶದಲ್ಲಿ ನಡೆಯಲು ಹಾಕಿಸುವ ಅಪೋಸ್ಟಿಲ್ ಮುದ್ರೆ, ವಿಮಾನ. ಟ್ಯಾಕ್ಸಿನಲ್ಲಿ 2025ಕ್ಕೆ 17,280 ಡಾಲರ್‌ವರೆಗೆ ವಿನಾಯ್ತಿ ಇದೆ, ಆದರೆ ಮೊದಲು ಕೈಯಿಂದ ಹಾಕಬೇಕು. ನಮ್ಮಂಥ ಸಂಬಳದವರಿಗೆ ನಡೆಯುತ್ತೆ. ಇಲ್ಲೇ ಸ್ಕೂಲ್ ಬಸ್ ಓಡಿಸುವ ಗಂಡ ಹೆಂಡತಿಗೆ ಇದು ಹೇಗೆ ನಡೆಯುತ್ತೆ? ಊರಿನ ದಂಪತಿಗಾದರೆ ಸರ್ಕಾರ ನಿಗದಿ ಮಾಡಿದ ಫೀಸು, ಅದು ಇದರ ಹತ್ತಿರಕ್ಕೂ ಬರಲ್ಲ.

ಇಷ್ಟೊಂದು ಪ್ರಶ್ನೆ ಕೇಳುವ ಅಮೆರಿಕದ ಹಿಂದಿನ ಕಥೆಯೂ ಅಷ್ಟು ಚೆಂದ ಇಲ್ಲ. ಹೊರದೇಶದಿಂದ ದತ್ತು ಬಂದ ಮಕ್ಕಳಿಗೆ ತಾನಾಗಿಯೇ ಪೌರತ್ವ ಅಂತ ಕಾನೂನು ಮಾಡಿದ್ದು 2000ದಲ್ಲಿ. ಆಗಲೇ ಹದಿನೆಂಟು ದಾಟಿದ್ದವರನ್ನು ಅದರಿಂದ ಹೊರಗಿಟ್ಟರು. ಅಪ್ಪ ಅಮ್ಮ ಮರೆತು ಅರ್ಜಿ ಹಾಕದೆ ಇದ್ದವರು ಇಲ್ಲೇ ಬೆಳೆದೂ ಇಲ್ಲಿನವರಾಗಲಿಲ್ಲ. ಕೆಲವರನ್ನು ಭಾಷೆಯೂ ಬರದ ಹುಟ್ಟೂರಿಗೆ ಗಡಿಪಾರು ಮಾಡಿದರು, ಇಂಡಿಯಾಕ್ಕೂ ಕಳಿಸಿದ್ದಾರೆ. ಮಗುವನ್ನು ತರೋದು ಗೊತ್ತಿತ್ತು, ತಂದ ಮೇಲೆ ಕಾಗದ ಮಾಡಿಕೊಡೋದು ಇವರಿಗೂ ಗೊತ್ತಿರಲಿಲ್ಲ.

ಇನ್ನು ನಾವು ಹಿಂದಿನ ಸಾಲಿನಲ್ಲಿರೋದು. ಮೊದಲು ಇದಕ್ಕೆ ನನಗೆ ಭಾರಿ ಬೇಜಾರಿತ್ತು, ಅದು ಯಾಕೆ ಹಾಗೆ ಅಂತ ಗೊತ್ತಾದ ಮೇಲೆ ಅಷ್ಟಿಲ್ಲ. ಇಂಡಿಯಾದ ಮಕ್ಕಳನ್ನು ಹೊರಗೆ ಕಳಿಸುವುದಕ್ಕೆ ಲಗಾಮು ಬಿದ್ದದ್ದು ಒಬ್ಬ ವಕೀಲರು ಬರೆದ ಪತ್ರದಿಂದ. ಲಕ್ಷ್ಮೀಕಾಂತ ಪಾಂಡೆಯವರ ಆ ಪತ್ರವನ್ನೇ ಅರ್ಜಿ ಅಂತ ತಗೊಂಡು ಸುಪ್ರೀಂ ಕೋರ್ಟ್ 1984ರಲ್ಲಿ ನಿಯಮ ಹಾಕಿತು, ಮೊದಲು ದೇಶದೊಳಗೆ ಮನೆ ಹುಡುಕಿ ಅಂತ. ಈಗಿನ ಕಾಯ್ದೆಯಲ್ಲಿ ಅದಕ್ಕೆ ಅರವತ್ತು ದಿನ. 2024-25ರಲ್ಲಿ ಕಾರಾ ಮೂಲಕ ಆದ 4,515 ದತ್ತುಗಳಲ್ಲಿ 4,155 ದೇಶದೊಳಗೇ ಆದವು. ಪುಟ್ಟ, ಆರೋಗ್ಯವಾಗಿರುವ ಮಕ್ಕಳು ನಮ್ಮವರೆಗೆ ಬರೋದು ಅಪರೂಪ. ಬರುವವರು ಐದು ದಾಟಿದವರು, ಅಣ್ಣ ತಂಗಿ ಜೊತೆಗಿರುವವರು, ಕಾಯಿಲೆ ಕಸಾಲೆ ಇರುವವರು, ಅಂದರೆ ಊರಲ್ಲಿ ಯಾರೂ ಬೇಕು ಅನ್ನದೆ ಉಳಿದವರು. ಬೀದರಿನಲ್ಲೋ ಕೊಪ್ಪಳದಲ್ಲೋ ಇರುವ ದಂಪತಿ ಹೂಂ ಅಂದರೆ ಆ ಮಗು ಅವರದ್ದೇ ಆಗಲಿ, ಕನ್ನಡದಲ್ಲೇ ಬೆಳೆಯಲಿ. ಅವರು ಬೇಡ ಅಂದ ಮಕ್ಕಳ ಪಟ್ಟಿಗಾಗಿ ನಾವು ಕಾಯ್ತಾ ಇದ್ದೀವಿ. ಅಣ್ಣ ತಂಗಿ ಇಬ್ಬರೂ ಬಂದರೂ ಆಗುತ್ತೆ ಅಂತ ಫಾರಮ್ಮಿನಲ್ಲಿ ಬರೆದಿದ್ದೀವಿ. ಇದನ್ನು ಇನ್ನೂ ಊರಿಗೆ ಹೇಳಿಲ್ಲ.