ಅಂಗಿಯ ಮೇಲೆ ಪುನರ್ಪುಳಿ

ಉಡುಪಿಯ ಒಂದು ಮದುವೆಯೂಟದಲ್ಲಿ ಪುನರ್ಪುಳಿ (ಕೋಕಂ) ಜ್ಯೂಸು ನನ್ನ ಬಿಳಿ ಅಂಗಿಗೆ ಚೆಲ್ಲಿತು. ಕೈ ತೊಳೆಯುವಲ್ಲಿದ್ದ ಸಾಬೂನಿನ ತುಂಡು ತೆಗೆದು ತಿಕ್ಕಿದ್ದೇ ತಡ, ಕುಂಕುಮದಂತಿದ್ದ ಕಲೆ ನೀಲಿಯಾಗಿ, ನೋಡನೋಡುತ್ತ ಪಾಚಿಯ ಬಣ್ಣಕ್ಕೆ ಬಂತು. ಗಾಬರಿಯಿಂದ ಅಡುಗೆಯವರ ಹತ್ತಿರ ನಿಂಬೆಹೋಳು ಬೇಡಿ ತಂದು ಹಿಂಡಿದೆ. ಪುನಃ ಗುಲಾಬಿ! ಪಕ್ಕದಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಅಜ್ಜರೊಬ್ಬರು, "ಎಂತ ಮಾರಾಯ್ರೇ, ಅಂಗಿಯಾ, ಓತಿಯಾ?" ಎಂದರು.

ಈ ವೇಷಧಾರಿ ಬಣ್ಣದ ಹೆಸರು ಆಂಥೋಸಯನಿನ್. ನೇರಳೆಹಣ್ಣಿನಲ್ಲಿ, ಬದನೆಯ ಸಿಪ್ಪೆಯಲ್ಲಿ ಇರುವುದೂ ಇದೇ ಕುಲದವರು. ಹುಳಿಯಲ್ಲಿ ಕೆಂಪು, ಹುಳಿ ತಗ್ಗಿದರೆ ನೇರಳೆ, ಸಾಬೂನಿನ ಕ್ಷಾರ ತಾಗಿದರೆ ನೀಲಿ, ಹಸುರು. ಪುನರ್ಪುಳಿ ಹುಟ್ಟಾ ಹುಳಿಯಾದ್ದರಿಂದ ಅದರ ಜ್ಯೂಸು ಕೆಂಪಾಗಿಯೇ ಉಳಿಯುತ್ತದೆ. ಆ್ಯಂಟಿಆಕ್ಸಿಡೆಂಟ್ ಎಂದು ಈಗ ಎಲ್ಲರೂ ಹೊಗಳುವವರ ಪಟ್ಟಿಯಲ್ಲಿ ಇದೂ ಉಂಟು. ಆದರೆ ಮಹಾ ನಾಜೂಕು. ಬಿಸಿ, ಬೆಳಕು, ಗಾಳಿ, ಮೂರೂ ಇದಕ್ಕೆ ಆಗಿಬರುವುದಿಲ್ಲ.

ಇದು ನನಗೆ ಗೊತ್ತಾದದ್ದು ಜ್ಯೂಸು ಹಾಳು ಮಾಡಿಯೇ. ಅಮ್ಮನ ಕ್ರಮ ಹೀಗೆ: ಹಣ್ಣು ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂಥ ಸಿಪ್ಪೆಯೊಳಗೆ ಸಕ್ಕರೆ ಒತ್ತಿ ತುಂಬಿ ಭರಣಿಗೆ ಹಾಕುವುದು. ಒಲೆಯ ಸುದ್ದಿಯೇ ಇಲ್ಲ. ಸಕ್ಕರೆ ನಿಧಾನಕ್ಕೆ ಸಿಪ್ಪೆಯ ನೀರನ್ನು ಎಳೆಯುತ್ತದೆ, ನೀರಿನ ಜೊತೆ ಬಣ್ಣವೂ ಇಳಿದು ಬರುತ್ತದೆ. ಕೆಲವು ದಿನ ಕಳೆದು ಮುಚ್ಚಳ ತೆಗೆದರೆ ಸಿಪ್ಪೆಗಳು ಸುಕ್ಕಾಗಿ, ಸುತ್ತ ಮಾಣಿಕ್ಯದಂಥ ಪಾಕ. ನನಗೆ ಅಷ್ಟು ತಾಳ್ಮೆ ಎಲ್ಲಿ? ಬಾಯಿ ತೆರೆದ ಬಾಣಲೆಯಲ್ಲಿ ಅರ್ಧ ಗಂಟೆ ಕುದಿಸಿ, ಗಾಜಿನ ಬಾಟಲಿಗೆ ತುಂಬಿಸಿ, ಬಂದವರಿಗೆ ಕಾಣಲೆಂದು ಕಿಟಕಿಯಲ್ಲಿಟ್ಟೆ. ಮಳೆಗಾಲ ಮುಗಿಯುವಾಗ ಅದು ಚಹಾದ ಬಣ್ಣಕ್ಕೆ ಬಂದಿತ್ತು.

"ಬೇಯಿಸಿದ್ದು ಸಾಲದು ಅಂತ ಬಿಸಿಲಿಗೂ ಇಟ್ಟೆಯಾ? ಅದೇನು ಹಪ್ಪಳವಾ?" ಅಂದರು ಅಮ್ಮ.

ಹುಳಿಗೆ ಏನೂ ಆಗಿರಲಿಲ್ಲ, ಕುಡಿದು ಮುಗಿಸಿದೆವು. ಬಣ್ಣ ಹೋದರೆ ಗುಣ ಪೂರ್ತಿ ಹೋಯಿತೆಂದೇನೂ ಅಲ್ಲ. ಪುನರ್ಪುಳಿಯಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತುವೂ ಉಂಟು. ಸಾರಿಗೆಂದು ಒಣಗಿಸಿದ ಸಿಪ್ಪೆ ಕರ್ರಗೆ ಚಪ್ಪಲಿ ತುಂಡಿನ ಹಾಗೆ ಕಂಡರೂ ಬಿಸಿನೀರಿಗೆ ಬಿದ್ದ ಕೂಡಲೇ ಉಳಿಸಿಕೊಂಡ ಕೆಂಪನ್ನು ಬಿಟ್ಟುಕೊಡುತ್ತದೆ. ಮೇ ಕೊನೆಯಲ್ಲಿ ಮೋಡ ಕವಿದು ಮೂರು ದಿನದ ಒಣಗು ಎಂಟು ದಿನಕ್ಕೆ ಎಳೆದರೆ ಮಾತ್ರ ಅದೂ ಕಷ್ಟ.

ಬದನೆಯದು ಇನ್ನೊಂದು ಕತೆ. ಕಾದ ಎಣ್ಣೆಗೆ ಹಾಕಿದರೆ ಸಿಪ್ಪೆ ನೇರಳೆಯಾಗಿಯೇ ಹೊಳೆಯುತ್ತದೆ, ಸಾಂಬಾರಿನಲ್ಲಿ ಬೇಯಿಸಿದರೆ ಮಣ್ಣಿನ ಬಣ್ಣ. ಬಣ್ಣ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಉಡುಪಿಯವರಿಗೆ ಈ ತಲೆಬಿಸಿ ಇಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಅವರ ಮಟ್ಟುಗುಳ್ಳ ಬದನೆ ಹಸುರು!

ಕೆಂಪು ಹರಿವೆಯನ್ನೂ ನಾನು ಇದೇ ಸಂಸಾರಕ್ಕೆ ಸೇರಿಸಿದ್ದೆ. ತಪ್ಪು. ಪಲ್ಯದ ತೆಂಗಿನತುರಿಯನ್ನು ಗುಲಾಬಿ ಮಾಡುವ ಅದರ ಬಣ್ಣ ಬೀಟ್‌ರೂಟಿನ ಬೀಟಲೈನ್ ಕುಲದ್ದು. ಒಂದೇ ಗಿಡದಲ್ಲಿ ಈ ಎರಡೂ ಒಟ್ಟಿಗೆ ಇರುವುದಿಲ್ಲವಂತೆ, ಕೋರ್ಟಿನಲ್ಲಿ ಪಾಲಾದ ದಾಯಾದಿಗಳ ಹಾಗೆ. ನಿಂಬೆ ಹಿಂಡಿದರೂ ಹರಿವೆ ವೇಷ ಬದಲಿಸುವುದಿಲ್ಲ. ಆದರೆ ಬೇಯಿಸಿದ ನೀರು ಚೆಲ್ಲಿದರೆ ಅದರ ಬಣ್ಣವೂ ಬಚ್ಚಲಿಗೇ. ನಮ್ಮಲ್ಲಿ ಆ ನೀರನ್ನು ಬಾಣಲೆಯಲ್ಲೇ ಇಂಗಿಸುತ್ತಾರೆ.

ಈ ಸಲದ ಭರಣಿ ಅಮ್ಮನ ಮಂಚದಡಿ ಕತ್ತಲಲ್ಲಿ ಕೂತಿದೆ, ನಾನು ಮುಟ್ಟುವ ಹಾಗಿಲ್ಲ. ಅಂಗಿಯ ಕಲೆ ಈಗ ಮಾಸಲು ಕಂದು. ಅದರಲ್ಲಿ ಸ್ಕೂಟರು ಒರೆಸುತ್ತೇನೆ.