ಎಚ್‌ಪಿವಿ ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ
ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಕುರಿತು ಬಂದ ಲೇಖನವೊಂದರಲ್ಲಿ, ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸೋಂಕು ತಗುಲಿದರೆ ಆ ಕ್ಯಾನ್ಸರ್ ಬಂದಂತೆಯೇ ಎಂಬ ಅರ್ಥ ಬರುವ ಹಾಗಿದೆ. ಓದಿದವರು ಸುಮ್ಮನೆ ಗಾಬರಿಯಾಗುತ್ತಾರೆ. ಬಹುಪಾಲು ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕಾಡುವುದು ಬಿಡದೆ ಉಳಿಯುವ ಸೋಂಕು, ಅದರಲ್ಲೂ 16 ಮತ್ತು 18ನೇ ಬಗೆ. ಸುಮಾರು ಶೇ 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗೆ ಇವೆರಡೇ ಕಾರಣ. ಜೀವಕೋಶದ ವಿಭಜನೆಗೆ ಕಡಿವಾಣ ಹಾಕುವ ಪ್ರೋಟೀನುಗಳು ಪಿ53 ಮತ್ತು ಆರ್‌ಬಿ. ವೈರಸ್ಸಿನ ಇ6 ಪ್ರೋಟೀನು ಪಿ53 ಅನ್ನು ನಾಶಮಾಡುತ್ತದೆ, ಇ7 ಪ್ರೋಟೀನು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಆಗ ಕೋಶ ವಿಭಜನೆಯ ಹಿಡಿತ ತಪ್ಪುತ್ತದೆ. ಆದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ 5–10 ವರ್ಷ ಸಾಕು.

ತಪಾಸಣೆಗೆ ಸಿಗುವ ಕಾಲ ಅದೇ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ವಿಐಎ ಇದೆ: ಗರ್ಭಕಂಠಕ್ಕೆ ಶೇ 3–5ರ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಎದ್ದಿದೆಯೇ ನೋಡುವುದು. ರೋಗಿಗಳ ಸಾಲು ಉದ್ದವಿದ್ದಾಗ ಆ ಒಂದು ನಿಮಿಷಕ್ಕೇ ಕತ್ತರಿ ಬೀಳುತ್ತದೆ, ತೆಳು ಮಚ್ಚೆ ಕಣ್ತಪ್ಪುತ್ತದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದಿರುವುದರಿಂದ ಎಚ್‌ಪಿವಿ ಪರೀಕ್ಷೆಯೇ ವಾಸಿ. ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದ ಕೋಶಗಳನ್ನು ಸವರಿದ ಗಾಜಿನ ಸ್ಲೈಡನ್ನು ತಕ್ಷಣ ಆಲ್ಕೋಹಾಲಿನಲ್ಲಿ ಅದ್ದದಿದ್ದರೆ ಕೋಶಗಳು ಒಣಗಿ, ವರದಿಯೇ ಕೆಡುತ್ತದೆ.

ಕ್ಯಾನ್ಸರ್ ದೇಹದೊಳಗೆ ಹರಡುವ ದಾರಿಯನ್ನು ಲೇಖಕರು ಬಿಟ್ಟೇಬಿಟ್ಟಿದ್ದಾರೆ. ಮೊದಲು ಯೋನಿಗೆ, ಅಕ್ಕಪಕ್ಕದ ಅಂಗಾಂಶಕ್ಕೆ. ಗಡ್ಡೆ ಮೂತ್ರನಾಳವನ್ನು ಒತ್ತಿದರೆ ಕಿಡ್ನಿ ಊದುತ್ತದೆ. ಸೊಂಟದ ಭಾಗದ ದುಗ್ಧಗ್ರಂಥಿಗಳಿಗೂ ಹಬ್ಬುತ್ತದೆ, ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಮೂಳೆಗೆ ಹೋಗುವುದು ಸಾಮಾನ್ಯವಾಗಿ ಆಮೇಲೆ.

ಎಚ್‌ಪಿವಿ ಲಸಿಕೆ ಈಗಾಗಲೇ ಇರುವ ಸೋಂಕನ್ನು ತೆಗೆಯುವುದಿಲ್ಲ, ಹಾಗಾಗಿ 9–14ರ ವಯಸ್ಸಿನಲ್ಲೇ ಕೊಡುವುದು. ಲಸಿಕೆ ಹಾಕಿಸಿಕೊಂಡವರಿಗೂ 30 ದಾಟಿದ ಮೇಲೆ ತಪಾಸಣೆ ತಪ್ಪಿದ್ದಲ್ಲ.