ಹಗಲು ದೀವಟಿಗೆಗೊಂದು ಸ್ವಿಚ್ಚು

ಹಿಂದಿನ ಕಾಲದಲ್ಲಿ ಹಗಲು ದೀವಟಿಗೆ ಅಂದರೆ ಸಣ್ಣ ಮರ್ಯಾದೆ ಆಗಿರಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದರೂ ಮುಂದೆ ಪಂಜು ಹಿಡಿಸಿಕೊಂಡು ಹೋಗುವ ಹಕ್ಕನ್ನು ರಾಜರು ಮಠಾಧೀಶರಂಥ ದೊಡ್ಡವರಿಗೆ ಮಾತ್ರ ಕೊಡುತ್ತಿದ್ದರು. ಛತ್ರ, ಚಾಮರ, ಪಲ್ಲಕ್ಕಿಗಳ ಸಾಲಿನಲ್ಲಿ ಅದಕ್ಕೂ ಜಾಗವಿತ್ತು.

2017ರ ಏಪ್ರಿಲ್ 1ರಂದು ಭಾರತ ಸರ್ಕಾರ ಈ ಮರ್ಯಾದೆಯನ್ನು ಹೊಸ ಬೈಕು, ಸ್ಕೂಟರು ಕೊಳ್ಳುವ ಎಲ್ಲರಿಗೂ ಹಂಚಿಬಿಟ್ಟಿತು. ಎಂಜಿನ್ ಸ್ಟಾರ್ಟ್ ಆದರೆ ಹೆಡ್‌ಲೈಟ್ ತಾನಾಗಿಯೇ ಹೊತ್ತಿಕೊಳ್ಳಬೇಕು, ಸವಾರನ ಕೈಗೆ ಆರಿಸುವ ಸ್ವಿಚ್ ಸಿಗಬಾರದು ಎಂದು ನಿಯಮ ಬಂತು. ತಾರೀಖು ನೋಡಿ ಕೆಲವರು ತಮಾಷೆ ಅಂದುಕೊಂಡಿರಬಹುದು. ತಮಾಷೆ ಅಲ್ಲ ಅಂತ ಗೊತ್ತಾದ ಮೇಲೆ ಸೀದಾ ಮೆಕ್ಯಾನಿಕ್ ಹತ್ತಿರ ಹೋದರು. "ಅಣ್ಣಾ, ಇದನ್ನ ಆಫ್ ಮಾಡೋಕೆ ಏನಾದ್ರೂ ಮಾಡು."

ಪಾಪ, ಅವರದ್ದೂ ತಪ್ಪಿಲ್ಲ. ಹೊಸ ಗಾಡಿ ತಗೊಂಡು ಬೀದಿಗೆ ಇಳಿದರೆ ಊರಿಗೆ ಊರೇ ಎದುರಿಗೆ ಕೈ ಎತ್ತುತ್ತದೆ. ಐದು ಬೆರಳನ್ನೂ ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ ತೋರಿಸುತ್ತದೆ. ಅದರ ಅರ್ಥ ಏನೆಂದು ಈ ದೇಶದಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಟೋದವರು ತೋರಿಸುತ್ತಾರೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರು ಒಂದು ಕೈ ಬಿಟ್ಟು ತೋರಿಸುತ್ತಾರೆ. ಒನ್ ವೇಯಲ್ಲಿ ಎದುರಿನಿಂದ ಬರುತ್ತಿರುವ ಮಹಾನುಭಾವನೂ, ತ್ರಿಬಲ್ ರೈಡಿಂಗಿನಲ್ಲಿ ಮಧ್ಯೆ ಸಿಕ್ಕಿಕೊಂಡವನೂ ಮರೆಯದೆ ಎಚ್ಚರಿಸುತ್ತಾರೆ: "ಗುರೂ, ಲೈಟು!"

ಸೈಡ್ ಸ್ಟ್ಯಾಂಡ್ ತೆಗೆದಿಲ್ಲ ಅಂತ, ಸೆರಗು ಚಕ್ರಕ್ಕೆ ಸಿಕ್ಕೀತು ಅಂತ ಕೂಗುವವರಿಗೆ ನನ್ನ ದೊಡ್ಡ ನಮಸ್ಕಾರ. ಅವರಿಂದ ಜೀವಗಳು ಉಳಿದಿವೆ. ಆದರೆ ಹಗಲು ಲೈಟಿನ ವಿಷಯದಲ್ಲಿ ನಮಗೆ ಇರುವ ಕಳಕಳಿ ಬೇರೆಯದೇ ಮಟ್ಟದ್ದು. ಇನ್ನೊಬ್ಬರ ಬ್ಯಾಟರಿಗಾಗಿ ಇಷ್ಟು ಮರುಗುವ ಸಮಾಜ ಬೇರೆಲ್ಲೂ ಇರಲಾರದು. ಹಾಗೆ ನೋಡಿದರೆ ಮಧ್ಯಾಹ್ನ 12ಕ್ಕೂ ಉರಿಯುವ ಬೀದಿದೀಪಗಳು ನಮ್ಮೂರುಗಳಲ್ಲಿ ಬೇಕಾದಷ್ಟಿವೆ. ಯಾರೊಬ್ಬರೂ ಕಂಬದ ಮುಂದೆ ನಿಂತು ಬೆರಳು ಮುಚ್ಚಿ ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಬ್ಯಾಟರಿ ವಿಷಯಕ್ಕೇ ಬರೋಣ. ಎಂಜಿನ್ ತಿರುಗುತ್ತಿರುವಾಗ ಕರೆಂಟ್ ಹುಟ್ಟುವುದು ಅದರ ಜೊತೆಗೇ ತಿರುಗುವ ಮ್ಯಾಗ್ನೆಟೊದಿಂದ. ಮಾಮೂಲಿ ಹ್ಯಾಲೊಜೆನ್ ಬಲ್ಬು ಸುಮಾರು 35 ವ್ಯಾಟಿನದು. 110 ಸಿಸಿ ಸ್ಕೂಟರಿನ ಎಂಜಿನ್ನಿಗೆ ಇರುವ ಶಕ್ತಿ ಹೆಚ್ಚುಕಡಿಮೆ 8 ಅಶ್ವಶಕ್ತಿ, ಅಂದರೆ ಸುಮಾರು 6,000 ವ್ಯಾಟ್. ಬಲ್ಬಿನ ಪಾಲು ಅದರಲ್ಲಿ ನೂರಕ್ಕೆ ಒಂದೂ ಇಲ್ಲ. ಎಲ್‌ಇಡಿ ಆದರೆ ಇನ್ನೂ ಕಡಿಮೆ. ಟೈರಿಗೆ ಗಾಳಿ ಹಾಕಿಸಿ ತಿಂಗಳುಗಳೇ ಆಗಿರುತ್ತವೆ. ಸಿಗ್ನಲ್ಲಿನಲ್ಲಿ ಎರಡು ನಿಮಿಷ ಕೆಂಪು ಇದ್ದರೂ ಎಂಜಿನ್ ಬಂದ್ ಆಗುವುದಿಲ್ಲ. ಮೈಲೇಜ್ ಕುಡಿಯುತ್ತಿರುವುದು ಮಾತ್ರ ಆ ಬಡಪಾಯಿ ಬಲ್ಬು.

"ಬಿಸಿಲಲ್ಲಿ ನಂಗೆ ರಸ್ತೆ ಕಾಣಲ್ವಾ? ಲೈಟ್ ಯಾಕೆ?" ಅನ್ನುವುದು ಇನ್ನೊಂದು ವಾದ. ಸ್ವಾಮಿ, ನಿಮಗೆ ರಸ್ತೆ ಕಾಣುತ್ತದೆ. ರಸ್ತೆಗೆ ನೀವು ಕಾಣಬೇಕಲ್ಲ! ಎದುರಿನಿಂದ ನೋಡಿದರೆ ಬೈಕು ಒಂದು ಸಣ್ಣ ಗೆರೆ. ಬಸ್ಸಿನ ಕನ್ನಡಿಯಲ್ಲಿ ಅದೊಂದು ಚುಕ್ಕಿ. ಸುಡು ಬಿಸಿಲಿನಿಂದ ದಟ್ಟ ಮರದ ನೆರಳಿಗೆ ನುಗ್ಗಿದ ಕಪ್ಪು ಬೈಕು ಎರಡು ಕ್ಷಣ ಮಾಯವೇ ಆಗುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿ ಓಡಿಸಿದವರನ್ನು ಕೇಳಿ, ಹಗಲಿನ ಲೈಟಿನ ಬೆಲೆ ಹೇಳುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಆ ಸಾವುಗಳೆಲ್ಲ ಲೈಟಿಲ್ಲದೆ ಆದವು ಅಂತ ನಾನು ಹೇಳುತ್ತಿಲ್ಲ. ಕಾಣಿಸಿಕೊಳ್ಳಲು ಪುಕ್ಕಟೆ ಸಿಕ್ಕ ಒಂದು ದಾರಿಯನ್ನು ದುಡ್ಡು ಕೊಟ್ಟು ಮುಚ್ಚಿಸುವವರ ಧೈರ್ಯವನ್ನು ಹೊಗಳುತ್ತಿದ್ದೇನೆ, ಅಷ್ಟೆ.

ಸ್ವೀಡನ್ನಿನವರು 1977ರಿಂದಲೇ ಎಲ್ಲ ವಾಹನಗಳಿಗೂ ಹಗಲು ಲೈಟ್ ಕಡ್ಡಾಯ ಮಾಡಿದ್ದಾರೆ. 2011ರಿಂದ ಯುರೋಪಿನ ಹೊಸ ಮಾದರಿಯ ಕಾರುಗಳೆಲ್ಲ ಹಗಲು ಲೈಟ್ ಇಟ್ಟುಕೊಂಡೇ ಬರುತ್ತಿವೆ. "ಅಲ್ಲಿ ಕತ್ತಲು ಜಾಸ್ತಿ, ಬಿಡಿ" ಅನ್ನುತ್ತೇವೆ ನಾವು. ನಮ್ಮ ಹತ್ತಿರ ಬೆಳಕು ಜಾಸ್ತಿ. ಜೊತೆಗೆ ಬುದ್ಧಿಯೂ ಜಾಸ್ತಿ.

ಈ ಬುದ್ಧಿಯ ಮಹಿಮೆ ನೋಡಬೇಕಾದರೆ ಆಕ್ಸೆಸರೀಸ್ ಅಂಗಡಿಗೆ ಹೋಗಬೇಕು. ಬಂದ ಗಿರಾಕಿ ಮೊದಲು ವೈರ್ ಕಟ್ ಮಾಡಿಸಿ, ಹಗಲು ಲೈಟ್ ಆರಿಸಲು ಸ್ವಿಚ್ ಹಾಕಿಸುತ್ತಾನೆ. ವೈರಿಂಗ್ ಮುಟ್ಟಿದರೆ ವಾರಂಟಿಗೆ ಕಲ್ಲು ಬೀಳಬಹುದು. ಕಂಪನಿ ಕೊಟ್ಟ ವಾಹನವನ್ನು ಹೀಗೆಲ್ಲ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ಇರಲಿ, ಅರ್ಧ ಹೆಲ್ಮೆಟ್ ಹಾಕಿಕೊಂಡು ಓಡಾಡುವವನಿಗೆ ಸೆಕ್ಷನ್ ಹೇಳಿ ಏನು ಪ್ರಯೋಜನ? ಬ್ಯಾಟರಿ ಉಳಿಸಿದ ಸಮಾಧಾನದಲ್ಲಿ ಅದೇ ಗಿರಾಕಿ ಅದೇ ಸ್ಟೂಲಿನ ಮೇಲೆ ಕೂತು ಎರಡನೇ ಆರ್ಡರ್ ಕೊಡುತ್ತಾನೆ. "ಹ್ಯಾಂಡಲ್ ಕೆಳಗೆ ಎರಡು ಎಲ್‌ಇಡಿ ಫಾಗ್ ಲೈಟ್ ಹಾಕು. ಎದುರಿಗೆ ಬಂದೋನ ಕಣ್ಣು ಕುಕ್ಕಬೇಕು, ಹಂಗಿರ್ಲಿ."

ರಾತ್ರಿಯಾಯಿತೋ, ಹಗಲಿನ ಮಿತವ್ಯಯ ಮುಗಿಯಿತು. ಹೈ ಬೀಮ್, ಅದರ ಕೆಳಗೆ ಫಾಗ್ ಲೈಟ್, ಅದಕ್ಕೊಂದು ಮಿಣಮಿಣ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುತ್ತೇವೆ ಎಂದು ಕರ್ನಾಟಕ ಪೊಲೀಸರು 2024ರ ಜುಲೈನಿಂದ ರಾಜ್ಯದಲ್ಲೆಲ್ಲ ಹೊರಡಬೇಕಾಯಿತು. ಹಗಲಲ್ಲಿ ಬೆರಳು ಆಡಿಸಿದ ಜನ ರಾತ್ರಿ ಕಣ್ಣಿಗೆ ಕೈ ಅಡ್ಡ ಹಿಡಿದು ಹೋಗುತ್ತಾರೆ. ಹೈ ಬೀಮ್ ಇಳಿಸು ಅಂತ ಹೇಳಲು ನಮಗೆ ಇನ್ನೂ ಒಂದು ಕೈಸನ್ನೆ ಹೊಳೆದಿಲ್ಲ.

ಇನ್ನೊಂದು ಪಂಗಡವಿದೆ. ಸ್ವಿಚ್ ಹಾಕಿಸಿಕೊಂಡವರು, ಆದರೆ ಸಂಜೆ ಅದನ್ನು ಒತ್ತುವುದು ಮರೆತವರು. ಬೀದಿದೀಪದ ಬೆಳಕಿನಲ್ಲಿ ತಮಗೆ ರಸ್ತೆ ಕಾಣುತ್ತಿರುವುದರಿಂದ ಎಂಟು ಗಂಟೆಗೂ ಲೈಟಿಲ್ಲದೆ ಬರುತ್ತಿರುತ್ತಾರೆ. ಇವರಿಗೆ ಮಾತ್ರ ಯಾರೂ "ಗುರೂ, ಲೈಟು!" ಅನ್ನುವುದಿಲ್ಲ. ಅನ್ನುವುದು ಹೇಗೆ? ಹತ್ತಿರ ಬರುವ ತನಕ ಇವರು ಕಾಣಿಸುವುದೇ ಇಲ್ಲ.

ಈ ಸಮಸ್ಯೆಗೂ ಮಾರುಕಟ್ಟೆಯಲ್ಲಿ ಮದ್ದಿದೆ ಅನ್ನಿ. ಅಂಗಡಿಯಲ್ಲಿ ಈಚೆಗೆ ಇಂಥ ಮಾತುಕತೆ ನಡೆದಿದ್ದರೆ ನನಗೇನೂ ಆಶ್ಚರ್ಯವಿಲ್ಲ.

"ಅಣ್ಣಾ, ಹೋದ ಸಲ ಸ್ವಿಚ್ ಹಾಕಿದ್ಯಲ್ಲ, ರಾತ್ರಿ ಆನ್ ಮಾಡೋದೇ ಮರೆತುಹೋಗುತ್ತೆ. ಮೊನ್ನೆ ಯಾರೋ ಬಂದು ಗುದ್ದಿಬಿಡ್ತಿದ್ದ."

"ಅದಕ್ಕೂ ಐಟಂ ಇದೆ ಸಾರ್. ನೀವು ಏನೂ ಮುಟ್ಟೋದೇ ಬೇಡ. ಗಾಡಿ ಸ್ಟಾರ್ಟ್ ಮಾಡಿದ್ರೆ ಸಾಕು, ಲೈಟ್ ತಾನಾಗೇ ಹೊತ್ಕೊಳ್ಳುತ್ತೆ."

"ಸೂಪರ್! ಎಷ್ಟಾಗುತ್ತೆ?"

"ಸ್ವಿಚ್ಚಿಗಿಂತ ಸ್ವಲ್ಪ ಜಾಸ್ತಿ ಸಾರ್. ಫಾರಿನ್ ಟೆಕ್ನಾಲಜಿ."